ಪೂಜೆ ಮುಗಿಯುವ ತನಕ

ಅಕ್ಕುತಾಯಿಯ ಕೈಯಲ್ಲಿ ಹುಟ್ಟಿದವರನ್ನೆಲ್ಲ ಒಂದೆಡೆ ನಿಲ್ಲಿಸಿದರೆ ಅರ್ಧ ಭೋಜ ಊರೇ ಬಂದು ನಿಲ್ಲಬೇಕಾದೀತು. ಪಂಚಾಯತಿಯ ಮೂವರು ಮೆಂಬರು, ಹಾಲಿನ ಡೇರಿಯ ಸೆಕ್ರೆಟರಿ, ಈಗ ಅವಳನ್ನು ಕಂಡರೂ ಕಾಣದಂತೆ ಮೋಟರಸೈಕಲ್ ಓಡಿಸಿಕೊಂಡು ಹೋಗುವ ಎಷ್ಟೋ ಗಂಡಸರು, ಎಲ್ಲರೂ ಮೊದಲು ಅತ್ತದ್ದು ಅವಳ ಮಡಿಲಲ್ಲೇ. ಆದರೆ ಅದೆಲ್ಲ ಹಳೆಯ ಮಾತು. ಹನ್ನೆರಡು ವರ್ಷದಿಂದ ಈಚೆಗೆ ಊರಿನ ಯಾವ ಬಸುರಿಯೂ ಮನೆಯಲ್ಲಿ ಹೆತ್ತಿಲ್ಲ. ನೋವು ಬಂತೆಂದರೆ ಗಾಡಿ, ಗಾಡಿ ಹತ್ತಿದರೆ ನಿಪ್ಪಾಣಿ. ಅಕ್ಕುತಾಯಿಗೆ ಉಳಿದದ್ದು ಬಾಣಂತಿಯರ ಮೈಗೆ ಎಣ್ಣೆ ತಿಕ್ಕುವುದು, ಕೂಸುಗಳಿಗೆ ಎರೆಯುವುದು, ಇಷ್ಟೇ. ತನಗೆ ಇದರಿಂದ ಸುಖವೇ ಆಯಿತು, ರಾತ್ರಿ ನಿದ್ದೆಯಾದರೂ ಉಳಿಯಿತು ಎಂದು ಎಪ್ಪತ್ತೆರಡರ ಆ ಮುದುಕಿ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು. ಒಳಗೊಳಗೆ ಮಾತ್ರ ಅದು ಕುಟುಕುತ್ತಿತ್ತು. ಒಂದು ಕಾಲಕ್ಕೆ ಊರೇ ಕೇಳುತ್ತಿದ್ದ ಮಾತನ್ನು ಈಗ ಯಾರೂ ಕೇಳದಿದ್ದರೆ ಯಾರಿಗೆ ಕುಟುಕುವುದಿಲ್ಲ ಹೇಳಿ?

ಹಾಗಾಗಿ ಆ ರವಿವಾರ ಬೆಳಿಗ್ಗೆ ಏಳಕ್ಕೆ ಭಾವುಸಾಹೇಬರ ಮಗಳು ಕಾಂಚನ ಓಡಿಬಂದು, ಅತ್ತಿಗೆಗೆ ಬೇನೆ ಶುರುವಾಗಿದೆ, ಅವ್ವ ಈಗಿಂದೀಗ ಬರಹೇಳಿದ್ದಾಳೆ ಎಂದಾಗ, ಅಕ್ಕುತಾಯಿ ಕುಡಿಯುತ್ತಿದ್ದ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಮೊಣಕಾಲಿನ ನೋವು ಆ ಹೊತ್ತಿಗೆ ಎಲ್ಲಿಗೆ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಭಾವುಸಾಹೇಬರದು ಊರಿನಲ್ಲಿ ಹೆಸರಿದ್ದ ಜೈನ ಮನೆ. ಹದಿನೆಂಟು ಎಕರೆ ಕಬ್ಬು, ಮನೆ ತುಂಬ ಎಮ್ಮೆ, ಒಬ್ಬನೇ ಮಗ ಸಮ್ಮೇದ. ಸೊಸೆ ರೂಪಾಲಿ ಕೃಷ್ಣೆಯ ದಂಡೆಯ ಜುಗೂಳದವಳು. ಮೊದಲ ಹೆರಿಗೆ ತವರಿನದು ಎಂಬ ರೂಢಿಯಂತೆ ಅವಳು ಅಲ್ಲಿಗೆ ಹೋಗಿದ್ದಳು. ಕೂಸು ಅಡ್ಡ ಕೂತು, ಹತ್ತಿರದ ಮೀರಜಿಗೆ ಒಯ್ದು, ಹೊಟ್ಟೆ ಕೊಯ್ದು ತೆಗೆದಿದ್ದರು. ಹಾಗೆ ಹುಟ್ಟಿದ ಹುಡುಗಿಗೆ ಈಗ ಬರೀ ಹದಿನಾರು ತಿಂಗಳು. ಎರಡನೆಯ ಹೆರಿಗೆ ಗಂಡನ ಮನೆಯ ಪಾಲಿಗೆ ಬಂದಿತ್ತು. ನಿಪ್ಪಾಣಿಯ ಡಾಕ್ಟರಬಾಯಿ ಮೊದಲೇ ಮುಖ ಗಂಟುಹಾಕಿಕೊಂಡು ಹೇಳಿದ್ದಳು: ಎರಡು ಬಸಿರಿನ ನಡುವೆ ಅಂತರ ಸಾಲದು, ಒಳಗಿನ ಹೊಲಿಗೆ ಇನ್ನೂ ಹಸಿ, ಮಂಗಳವಾರ ನಾನೇ ಕೊಯ್ದು ತೆಗೆಯುತ್ತೇನೆ, ಅದಕ್ಕೂ ಮೊದಲು ಬೇನೆ ಬಂದರೆ ಒಂದು ತಾಸು ಕೂಡ ಮನೆಯಲ್ಲಿ ಕೂರಬೇಡಿ. ಫೈಲಿನಲ್ಲಿ ಬರೆದು ಕೆಳಗೆ ಎರಡು ಗೀಟು ಎಳೆದೂ ಕೊಟ್ಟಿದ್ದಳು. ಫೈಲು ಕಪಾಟಿನಲ್ಲಿ ಜೋಪಾನವಾಗಿತ್ತು.

ಬೇನೆ ಎರಡು ದಿನ ಮೊದಲೇ ಬಂತು. ಅದೂ ಎಂಥ ದಿನ! ಬಸದಿಯ ಮುಂದಿನ ಮಂಟಪದಲ್ಲಿ ಎಂಟು ದಿನದಿಂದ ಸಿದ್ಧಚಕ್ರ ಆರಾಧನೆ ನಡೆದಿತ್ತು, ಅವತ್ತು ಅದರ ಕೊನೆಯ ದಿನ. ಭಾವುಸಾಹೇಬರೂ ಅವರ ಹೆಂಡತಿ ಜಿನಮತಿಯೂ ಅದರ ಮುಖ್ಯ ಇಂದ್ರ-ಇಂದ್ರಾಣಿ, ಎಂದರೆ ಕಿರೀಟವಿಟ್ಟು ಪೂಜೆಗೆ ಕೂರುವ ದಂಪತಿ. ಆ ಪೀಠಕ್ಕಾಗಿ ಹನ್ನೊಂದು ವರ್ಷ ಕಾದು, ಮೂರು ಸಲ ಬೇರೆಯವರಿಗೆ ಬಿಟ್ಟುಕೊಟ್ಟು, ಕಡೆಗೊಮ್ಮೆ ಸಿಕ್ಕಿದ್ದಕ್ಕೆ ಭಾವುಸಾಹೇಬರು ಮಗುವಿನಂತೆ ಅತ್ತಿದ್ದರಂತೆ. ಈಗ ಮನೆಯಲ್ಲಿ ಕೂಸು ಹುಟ್ಟಿದರೆ ಸೂತಕ. ಸೂತಕದವರು ಹತ್ತು ದಿನ ಬಸದಿಯ ಮೆಟ್ಟಿಲು ಹತ್ತುವಂತಿಲ್ಲ, ಅಭಿಷೇಕದ ಕಲಶ ಮುಟ್ಟುವಂತಿಲ್ಲ. ನಡುಪೂಜೆಯಲ್ಲಿ ಇಡೀ ಊರಿನೆದುರು ಕಿರೀಟ ಇಳಿಸಿಟ್ಟು ಎದ್ದುಬರಬೇಕು. ಆಸ್ಪತ್ರೆಗೆ ಹೋಗೋಣವೆಂದರೆ ಅಲ್ಲಿ ಅರ್ಧ ತಾಸಿಗೆ ಕೂಸು ಹೊರಗೆ. ಆಸ್ಪತ್ರೆ ಎಂದರೇ ಸೂತಕ ಎಂಬಂತಾಗಿತ್ತು.

ಅಕ್ಕುತಾಯಿ ಹೋದಾಗ ಜಿನಮತಿ ರೇಷ್ಮೆ ಸೀರೆಯುಟ್ಟು, ಬಂಗಾರದ ಬಣ್ಣದ ಕಿರೀಟವನ್ನು ಕೈಯಲ್ಲಿ ಹಿಡಿದು ಕೋಣೆಯ ಹೊಸ್ತಿಲಾಚೆ ನಿಂತಿದ್ದಳು. ಮಡಿಯಲ್ಲಿದ್ದುದರಿಂದ ಒಳಗೆ ಬರುವಂತಿರಲಿಲ್ಲ. ಕೆಟ್ಟ ಹೆಂಗಸಲ್ಲ ಅವಳು. ಸೊಸೆಯ ಬಯಕೆಗೆ ಅಂತ ಐದು ತಿಂಗಳು ದಿನಕ್ಕೊಂದು ಅಡುಗೆ ಮಾಡಿಹಾಕಿದವಳು. ಅವಳ ಕಣ್ಣು ಒಮ್ಮೆ ಸೊಸೆಯ ಕಡೆ, ಒಮ್ಮೆ ಬಸದಿಯ ಕಡೆ ಓಡುತ್ತಿತ್ತು.

"ಆಯಿ, ಎರಡ ಗಂಟೆಕ್ಕ ಪೂಜಾ ಮುಗಿತೈತಿ," ಎಂದಳು. "ಅಲ್ಲಿತನಕ ತಡೀತೈತೇನ ನೋಡು. ತಡಿಯಂಗಿಲ್ಲ ಅಂದ್ರ ಈಗ ಎದ್ದ ಬಿಡತೇವಿ. ನೀ ಹೆಂಗ ಹೇಳ್ತಿ ಹಂಗ."

ನೀ ಹೆಂಗ ಹೇಳ್ತಿ ಹಂಗ. ಈ ಮಾತು ಕೇಳಿ ಅಕ್ಕುತಾಯಿಗೆ ಹನ್ನೆರಡು ವರ್ಷವಾಗಿತ್ತು. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ರೂಪಾಲಿಯ ಹೊಟ್ಟೆಯ ಮೇಲೆ ಎರಡೂ ಅಂಗೈ ಊರಿದಳು. ತಲೆ ಕೆಳಗಿತ್ತು, ಬೆನ್ನು ಎಡಕ್ಕೆ, ಎಲ್ಲ ಸರಿಯಾಗಿತ್ತು. ಬೇನೆ ಕಾಲು ತಾಸಿಗೊಂದು. ಕಿಬ್ಬೊಟ್ಟೆಯ ಕೆಳಗೆ ಹಳೆಯ ಕೊಯ್ತದ ಗೆರೆ ನೂಲಿನಷ್ಟು ಸಣ್ಣಗಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಮೇಲೆ ಚೆನ್ನಾಗಿ ಮಾಯ್ದಿತ್ತು. ಒಳಗೆ ಹೇಗೆ ಮಾಯ್ದಿದೆ ಎಂದು ಬೆರಳಿಗೆ ತಿಳಿಯುವುದು ಹೇಗೆ? ಐವತ್ತು ವರ್ಷದಲ್ಲಿ ಸಾವಿರ ಹೊಟ್ಟೆ ಮುಟ್ಟಿದ್ದಳು, ಹೊಲಿದ ಹೊಟ್ಟೆಯನ್ನು ಹೆರಿಗೆಗೆ ಮುಟ್ಟಿದ್ದು ಅದೇ ಮೊದಲು. ಅಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ನನಗೆ ಗೊತ್ತಿಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು, ಬಂದದ್ದು ಅಲ್ಲೇ ಉಳಿಯಿತು.

ಡಾಕ್ಟರಬಾಯಿ ತಡೆಯಬೇಡಿ ಅಂದಿದ್ದಾರಲ್ಲ ಎಂದು ರೂಪಾಲಿ ಮೆಲ್ಲಗೆ ಎರಡು ಸಲ ಅಂದಳು.

"ಬ್ಯಾನಿ ಇನ್ನಾ ಎಳೇವ ಅದಾವು," ಎಂದಳು ಅಕ್ಕುತಾಯಿ. "ಎರಡರತನಕ ನಾ ತಡೀತೇನಿ. ನೀವು ಹೋಗ್ರಿ ವೈನಿ."

ಜಿನಮತಿ ಹೊಸ್ತಿಲಾಚೆಯಿಂದಲೇ ಸೊಸೆಗೆ ಕೈಮುಗಿದಂತೆ ಮಾಡಿ, ಕಿರೀಟ ಇಟ್ಟುಕೊಂಡು ಹೋದಳು. ಸಮ್ಮೇದನೂ ಮಡಿ ಉಟ್ಟು ಮಂಟಪದಲ್ಲಿದ್ದ. ಮನೆಯಲ್ಲಿ ಉಳಿದದ್ದು ಕಾಂಚನ, ಅವಳ ಕಂಕುಳಲ್ಲಿ ಹದಿನಾರು ತಿಂಗಳ ಹುಡುಗಿ, ಮತ್ತೆ ಇವರಿಬ್ಬರು.

ತಡೆಯುವುದಕ್ಕೆ ಅಕ್ಕುತಾಯಿ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ಎಡಮಗ್ಗುಲಿಗೆ ಮಲಗಿಸಿ, ಕಾಲ ಕೆಳಗೆ ಎರಡು ದಿಂಬು ಕೊಟ್ಟಳು. ನಡೆದಾಡಬೇಡ, ತಿಣುಕಬೇಡ, ಬೇನೆ ಬಂದಾಗ ಬಾಯಿಂದ ಉಸಿರು ಬಿಡು ಎಂದು ಹೇಳಿಕೊಟ್ಟಳು. ಸೊಂಟಕ್ಕೆ ಬೆಚ್ಚಗಿನ ಹರಳೆಣ್ಣೆ ತಿಕ್ಕಿದಳು. ಬಸದಿಯ ಸ್ಪೀಕರಿನಲ್ಲಿ ಅಲ್ಲಿನ ಪೂಜೆಯೆಲ್ಲ ಇಲ್ಲಿಗೆ ಕೇಳುತ್ತಿತ್ತು. ಅದೇ ಅವಳಿಗೆ ಗಡಿಯಾರ. ಅಷ್ಟಕ ಮುಗಿಯಿತು, ಜಯಮಾಲೆ ಮುಗಿಯಿತು, ಇನ್ನು ಹೋಮ, ಆಮೇಲೆ ಅಭಿಷೇಕ. ಹತ್ತರ ಹೊತ್ತಿಗೆ ಬೇನೆ ಹತ್ತು ನಿಮಿಷಕ್ಕೊಂದಾಯಿತು. ಹನ್ನೊಂದೂವರೆಗೆ ಐದು ನಿಮಿಷಕ್ಕೆ. ತಡೆಯುವುದು ಎಂದು ಅವಳು ಯಾವುದನ್ನು ಅಂದುಕೊಂಡಿದ್ದಳೋ ಅದು ಬರೀ ಮಲಗಿಸಿಡುವುದು ಅಷ್ಟೇ ಎಂಬುದು ಅವಳಿಗೂ ಗೊತ್ತಾಗತೊಡಗಿತ್ತು. ಒಳಗಿನ ಕೆಲಸ ಯಾರ ಪೂಜೆಗೂ ನಿಲ್ಲುವಂಥದ್ದಲ್ಲ.

ಹನ್ನೆರಡಕ್ಕೆ ಕಾಂಚನಳನ್ನು ಮಂಟಪಕ್ಕೆ ಅಟ್ಟಿದಳು, ಇನ್ನು ತಡೆಯುವುದಿಲ್ಲ, ಗಾಡಿ ತೆಗೆಯಲಿ ಎಂದು. ಕಾಂಚನ ಇಪ್ಪತ್ತು ನಿಮಿಷದಲ್ಲಿ ತಿರುಗಿ ಬಂದಳು. ಹಗ್ಗ ಕಟ್ಟಿದ ಆಚೆಗೆ ಯಾರನ್ನೂ ಬಿಡುತ್ತಿಲ್ಲವಂತೆ, ಅವ್ವ ಮಂಡಲದಲ್ಲಿ ಕೂತಿದ್ದಾಳೆ, ಮಾತಾಡುವಂತಿಲ್ಲ, ದೂರದಿಂದಲೇ ಅಂಗೈ ತೋರಿಸಿದಳಂತೆ. ಐದು ಬೆರಳು ತೋರಿಸಿದ್ದು ಐದು ನಿಮಿಷವೋ, ಸ್ವಲ್ಪ ತಡೆ ಎಂದೋ ಹುಡುಗಿಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ಸ್ಪೀಕರಿನಲ್ಲಿ ಕಲಶದ ಸವಾಲು, ಎಂದರೆ ಹರಾಜು, ಶುರುವಾಯಿತು. ಮೊದಲ ಕಲಶ ಯಾರದು, ಎರಡನೆಯದು ಯಾರದು ಎಂದು ಕೂಗುವ ದನಿ ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಜನರನ್ನು ಹುರಿದುಂಬಿಸುತ್ತಿತ್ತು. ಪ್ರತಿ ವರ್ಷ ಅದು ಅರ್ಧ ತಾಸಿನ ಮಾತು. ಆ ವರ್ಷ ಕಬ್ಬಿಗೆ ಒಳ್ಳೆಯ ದರ ಬಂದಿತ್ತು, ಕೈ ಎತ್ತುವವರು ನಿಲ್ಲಲೇ ಇಲ್ಲ.

ಒಂದು ಗಂಟೆ ಹತ್ತು ನಿಮಿಷ ಇರಬಹುದು. ಬೇನೆಯ ಮೇಲೆ ಬೇನೆ ಬರುತ್ತಿತ್ತು. ಅಂಥ ಒಂದು ಬೇನೆಯ ನಡುವೆ ರೂಪಾಲಿ ಗಕ್ಕನೆ ಅಕ್ಕುತಾಯಿಯ ಮುಂಗೈ ಹಿಡಿದು, ಒಳಗೆ ಏನೋ ಹರಿದಂಗಾತು ಎಂದಳು. ಚೀರಲಿಲ್ಲ. ಹೇಳಿದಳು ಅಷ್ಟೇ. ಆಮೇಲೆ ಬೇನೆ ನಿಂತಿತು.

ಐದು ನಿಮಿಷ ಕಳೆಯಿತು, ಬೇನೆ ಬರಲಿಲ್ಲ. ಹತ್ತಾಯಿತು. ಕಾಂಚನಳ ಮುಖ ಅರಳಿತು. ಆಯಿಯ ಕೈಗುಣ ದೊಡ್ಡದು, ಕಡೆಗೂ ಬೇನೆ ನಿಲ್ಲಿಸಿಯೇ ಬಿಟ್ಟಳು ಎಂದು ಆ ಹುಡುಗಿ ಖುಷಿಯಿಂದ ಅಂದಾಗ ಅಕ್ಕುತಾಯಿಗೆ ಅವಳ ಬಾಯಿ ಮುಚ್ಚಬೇಕು ಅನಿಸಿತು. ತುಂಬಿದ ಬೇನೆ ತಾನಾಗಿ ನಿಲ್ಲುವುದಿಲ್ಲ. ನಿಂತರೆ ಅದು ಒಳ್ಳೆಯದಲ್ಲ. ಅವಳು ಮತ್ತೆ ಅಂಗೈ ಊರಿದಳು. ಹೊಟ್ಟೆಯ ಆಕಾರವೇ ಬೇರೆಯಾಗಿತ್ತು. ಒಂದು ದುಂಡಗಿನ ಹೊಟ್ಟೆ ಇದ್ದಲ್ಲಿ ಎರಡು ಗುಡ್ಡೆ ಎದ್ದಿದ್ದವು. ಬೆಳಿಗ್ಗೆ ಕೆಳಗೆ ಭದ್ರವಾಗಿ ಕೂತಿದ್ದ ತಲೆ ಮೇಲೆ ಸರಿದಿತ್ತು. ಮತ್ತೆ ಬಲಗೈ ಬೆರಳಿನ ಕೆಳಗೆ, ಬರೀ ಚರ್ಮದ ಆಚೆಗೇ ಅನ್ನುವಂತೆ, ಕೂಸಿನ ಪುಟ್ಟ ಹಿಮ್ಮಡಿ ಸಿಕ್ಕಿತು. ನಡುವೆ ಇರಬೇಕಾದ ಗೋಡೆ ಇರಲಿಲ್ಲ. ಕೂಸು ಗರ್ಭಚೀಲದಿಂದ ಹೊರಗೆ, ತಾಯಿಯ ಹೊಟ್ಟೆಯೊಳಗೆ ಬಿದ್ದಿತ್ತು. ಹಿಮ್ಮಡಿಯನ್ನು ಒತ್ತಿದಳು, ಅದು ಎಳೆದುಕೊಳ್ಳಲಿಲ್ಲ.

ಕೆಳಗೆ ರಕ್ತ ಒಂದು ಚೂರು ಬಟ್ಟೆ ನೆನೆಯುವಷ್ಟೇ ಇತ್ತು. ಹೋಗುತ್ತಿದ್ದುದೆಲ್ಲ ಒಳಗೇ ಹೋಗುತ್ತಿತ್ತು. ಹೆಗಲು ನೋಯುತ್ತದೆ ಎಂದಳು ರೂಪಾಲಿ, ನೀರು ಬೇಕು ಎಂದಳು. ಹಣೆ ತಣ್ಣಗೆ ಬೆವೆತಿತ್ತು, ನಾಡಿ ಎಣಿಸಲಾರದಷ್ಟು ಓಡುತ್ತಿತ್ತು. ಅಕ್ಕುತಾಯಿ ಎದ್ದಳು.

ಮಂಟಪಕ್ಕೆ ಮುನ್ನೂರು ಹೆಜ್ಜೆ. ಬರಿಗಾಲಲ್ಲಿ, ಕೈಯ ಎಣ್ಣೆ ರಕ್ತ ಒರೆಸಿಕೊಳ್ಳದೆ ನಡೆದಳು. ಹಗ್ಗದ ಬಳಿ ನಿಂತಿದ್ದ ಸೇವೆಯ ಹುಡುಗರು ಅವಳನ್ನು ನೋಡಿ ಸರಿದರೇ ಹೊರತು ತಡೆಯಲಿಲ್ಲ, ತಡೆಯಬೇಕಾದರೆ ಮುಟ್ಟಬೇಕಲ್ಲ. ಅವಳು ಹಗ್ಗದ ಕೆಳಗೆ ನುಸುಳಿ, ಹಾಲಿನ ಕಲಶ ಹಿಡಿದು ಸಾಲಿನಲ್ಲಿ ನಿಂತಿದ್ದ ಸಮ್ಮೇದನ ತೋಳನ್ನು ಎಲ್ಲರೆದುರೇ ಗಟ್ಟಿಯಾಗಿ ಹಿಡಿದುಕೊಂಡಳು. ಅವನ ಮಡಿ ಅಲ್ಲಿಗೆ ಮುಗಿಯಿತು.

"ಗಾಡಿ ತಗಿಯೋ," ಎಂದಳು. "ಚೀಲ ಹರದೈತಿ. ನಿನ್ನ ಹೇಣತಿ ಸಾಯಾಕತ್ತಾಳ."

ಅವನು ಕಲಶವನ್ನು ಯಾರ ಕೈಗೆ ಕೊಟ್ಟನೋ, ಕೆಳಗಿಟ್ಟನೋ ಬೀಳಿಸಿದನೋ, ಅವಳು ನೋಡಲಿಲ್ಲ.

ಭೋಜದಿಂದ ನಿಪ್ಪಾಣಿ ಮಹಾ ದೂರವೇನಲ್ಲ, ಬೇರೆ ದಿನವಾದರೆ ಇಪ್ಪತ್ತೈದು ನಿಮಿಷ. ಆದರೆ ಅದು ಕಬ್ಬಿನ ಹಂಗಾಮು. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ, ಟ್ರಾಲಿಯ ಮೇಲೆ ಮನೆಯೆತ್ತರ ಕಬ್ಬು, ರಸ್ತೆ ತುಂಬ ಒಂದರ ಹಿಂದೊಂದು ಆನೆ ನಡೆದಂತೆ ನಡೆಯುತ್ತಿದ್ದವು. ಸಮ್ಮೇದ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಟ್ರ್ಯಾಕ್ಟರಿನವರು ಹಾಡು ಹಾಕಿಕೊಂಡಿದ್ದರು, ಅವರಿಗೆ ಕೇಳಬೇಕಲ್ಲ. ಹಿಂದಿನ ಸೀಟಿನಲ್ಲಿ ಅಕ್ಕುತಾಯಿಯ ತೊಡೆಯ ಮೇಲೆ ರೂಪಾಲಿಯ ತಲೆ. ತುಟಿ ಬೆಳ್ಳಗಾಗುತ್ತಿತ್ತು. ಸಾವಿರ ಕೂಸು ಎತ್ತಿದ ಕೈಗಳಿಗೆ ಆ ಮುಕ್ಕಾಲು ತಾಸು ಮಾಡಲು ಏನೂ ಕೆಲಸವಿರಲಿಲ್ಲ. ತಲೆ ಸವರಿದಳು, ಸೆರಗಿನಿಂದ ಬೆವರು ಒರೆಸಿದಳು, ಮತ್ತೆ ಸವರಿದಳು.

ಡಾಕ್ಟರಬಾಯಿ ಒಮ್ಮೆ ಮುಟ್ಟಿ ನೋಡಿದವಳೇ ಸ್ಟ್ರೆಚರನ್ನು ತಾನೇ ತಳ್ಳಿಕೊಂಡು ಓಡಿದಳು. ಓಡುತ್ತಲೇ ಬೇನೆ ಯಾವಾಗಿನಿಂದ ಎಂದು ಕೇಳಿದಳು. ಹನ್ನೆರಡರಿಂದ ಎಂದ ಸಮ್ಮೇದ. ಬೇಕೆಂದೇ ಹೇಳಿದ ಸುಳ್ಳೂ ಅಲ್ಲ ಅದು, ಅವನು ಅಷ್ಟನ್ನೇ ನಂಬಬೇಕೆಂದಿದ್ದ. ಮುಂಜಾನೆ ಆರರಿಂದ ಎಂದು ಅಕ್ಕುತಾಯಿ ಹಿಂದಿನಿಂದ ತಿದ್ದಿದಳು. ಡಾಕ್ಟರಬಾಯಿ ಒಂದು ಕ್ಷಣ ಅವಳನ್ನು ನೋಡಿದಳು. ಬಯ್ಯಲಿಲ್ಲ. ಬಯ್ಯುವುದಕ್ಕೂ ಹೊತ್ತಿರಲಿಲ್ಲ.

ಎರಡೂವರೆ ತಾಸು. ಚಿಕ್ಕೋಡಿಯಿಂದ ರಕ್ತ ಬಂತು, ಸಾಲದೆ ಕೊಲ್ಲಾಪುರದಿಂದಲೂ ತರಿಸಿದರು. ಹಳೆಯ ಹೊಲಿಗೆ ಬಿಟ್ಟದ್ದು ಅಲ್ಲಿಗೇ ನಿಲ್ಲದೆ ಪಕ್ಕದ ರಕ್ತನಾಳದವರೆಗೂ ಸೀಳಿಕೊಂಡು ಹೋಗಿತ್ತಂತೆ. ಹೊಲಿಯಲು ನೋಡಿದರು, ನಿಲ್ಲಲಿಲ್ಲ, ಗರ್ಭಚೀಲವನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು. ಕೂಸು ಮೊದಲೇ ಹೋಗಿತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಅದನ್ನು ನರ್ಸ್ ತಂದು ತೋರಿಸಿದಾಗ, ಗಂಡೋ ಹೆಣ್ಣೋ ಎಂದು ಯಾರೂ ಕೇಳಲಿಲ್ಲ. ಅಕ್ಕುತಾಯಿ ಕಂಡ ಹೆರಿಗೆಗಳಲ್ಲಿ ಆ ಮಾತು ಕೇಳದೆ ಹೋದದ್ದು ಅದೊಂದೇ.

ಸಂಜೆಯ ಹೊತ್ತಿಗೆ ಭಾವುಸಾಹೇಬರೂ ಜಿನಮತಿಯೂ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದರು. ಅವರ ಹಿಂದೆಯೇ ಪೂಜೆ ಮಾಡಿಸಿದ ಭೂಪಾಲ ಉಪಾಧ್ಯೆ ಬಟ್ಟಲಿನಲ್ಲಿ ಅಭಿಷೇಕದ ಗಂಧೋದಕ ಹಿಡಿದುಕೊಂಡು ಬಂದರು. ಒಳ್ಳೆಯ ಮನುಷ್ಯ, ಎಂಟು ದಿನದ ಕೂಗಿನಿಂದ ಗಂಟಲು ಕಟ್ಟಿಹೋಗಿತ್ತು. ಜಿನಮತಿ ಅಳುತ್ತಲೇ ಅವರ ಕಾಲು ಹಿಡಿದಳು. ಸೂತಕ ತಡೆಯಲು ಹೋಗಿ ಹೀಗಾಯಿತು, ಇದಕ್ಕೆ ಯಾವ ಪ್ರಾಯಶ್ಚಿತ್ತ ಇದ್ದರೂ ಹೇಳಿ ಎಂದಳು. ಬೆಳಗಿನಿಂದ ಏನೇನು ನಡೆಯಿತೆಂದು ಒಂದೂ ಮುಚ್ಚದೆ ಹೇಳಿದಳು. ಉಪಾಧ್ಯೆಯವರು ಕೇಳುತ್ತ ಕೇಳುತ್ತ ಗೋಡೆಗೆ ಆತು ನಿಂತರು.

"ವೈನಿ, ಮೊದಲನೇ ದಿವಸನ ನಿಮಗ ಕಂಕಣ ಕಟ್ಟೇನಲ್ಲ," ಎಂದರು. "ಕಂಕಣ ಕಟ್ಟಿದ ಮ್ಯಾಲ ಪೂಜಾ ಮುಗಿಯೂತನಕ ಸೂತಕ ಹತ್ತಂಗಿಲ್ಲರಿ. ಮನ್ಯಾಗ ಹುಟ್ಟಿದ್ರೂ ಹತ್ತಂಗಿಲ್ಲ. ನನ್ನ ಒಂದ ಮಾತ ಕೇಳಬೇಕಿತ್ತಿಲ್ಲೋ?"

ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಸೊಸೆಯ ದಿನ ತುಂಬಿದೆ ಎಂದು ಸುದ್ದಿಯಾದೀತು, ಪೀಠ ಬೇರೆಯವರಿಗೆ ಹೋದೀತು ಎಂದು ಎಂಟು ದಿನ ಗಂಡ ಹೆಂಡತಿ ಇಬ್ಬರೂ ಬಾಯಿ ಹೊಲಿದುಕೊಂಡಿದ್ದರು. ಜಿನಮತಿ ತನ್ನ ಮುಂಗೈಯಲ್ಲಿದ್ದ ಅರಿಸಿನದ ದಾರವನ್ನು ನೋಡಿದಳು. ಆಮೇಲೆ ಅವಳು ಅತ್ತ ದನಿಯನ್ನು ನಾನು ಬರೆಯಲಾರೆ. ಭಾವುಸಾಹೇಬರು ಅಳಲಿಲ್ಲ. ಎದ್ದು ಹೊರಗೆ ಹೋಗಿ, ಚಪ್ಪಲಿ ಬಿಡುವ ಜಾಗದಲ್ಲಿ, ಯಾರದೋ ಚಪ್ಪಲಿಗಳ ನಡುವೆ ಕೂತರು.

ಯಾರೂ ಅಕ್ಕುತಾಯಿಯನ್ನು ಬಯ್ಯಲಿಲ್ಲ ಎಂಬುದೇ ಅವಳಿಗೆ ದೊಡ್ಡ ಸಂಕಟ. ಅವಳು ಹೊತ್ತಿಗೆ ಸರಿಯಾಗಿ ಬಂದು ಕೈ ಹಿಡಿಯದಿದ್ದರೆ ಹುಡುಗಿ ಉಳಿಯುತ್ತಿರಲಿಲ್ಲ ಎಂದು ಊರೆಲ್ಲ ಹೇಳತೊಡಗಿತು. ಬೆಳಿಗ್ಗೆ ಹೂಂ ಅಂದವಳು ನಾನೇ ಎಂದು ಇಬ್ಬರು ಮೂವರ ಮುಂದೆ ಹೇಳಿ ನೋಡಿದಳು. ವಯಸ್ಸಾದವಳು, ಹಚ್ಚಿಕೊಂಡಿದ್ದಾಳೆ ಎಂದು ಅವರು ಸಮಾಧಾನ ಮಾಡಿ ಕಳಿಸಿದರು.

ಮೂರನೆಯ ದಿನ ಸಮ್ಮೇದ ಕರೆಯಲು ಬಂದ. ರೂಪಾಲಿಗೆ ಹಾಲು ಇಳಿದು ಎದೆ ಕಲ್ಲಾಗಿದೆ, ನರ್ಸಿನ ಮಾತ್ರೆಗೆ ಬಗ್ಗುತ್ತಿಲ್ಲ, ಆಯಿಯನ್ನೇ ಕರೆ ಎನ್ನುತ್ತಿದ್ದಾಳೆ ಎಂದ. ದಾರಿಯಲ್ಲಿ ಒಂದು ಮಾತು ಹೇಳಿಟ್ಟ. ಕೂಸು ಹೋದದ್ದು ಅವಳಿಗೆ ಗೊತ್ತು. ಚೀಲ ತೆಗೆದದ್ದನ್ನು ಇನ್ನೂ ಹೇಳಿಲ್ಲ, ಹೊಲಿಗೆ ಬಿಚ್ಚುವ ತನಕ ಹೇಳುವುದು ಬೇಡ ಎಂದು ಅಪ್ಪ ಅವ್ವ ನಿರ್ಧರಿಸಿದ್ದಾರೆ. ಅಕ್ಕುತಾಯಿ ಹೂಂ ಅಂದಳು. ಅಂದಮೇಲೆ ಆ ಹೂಂ ತನ್ನ ಬಾಯಿಂದ ಎಷ್ಟು ಸಲೀಸಾಗಿ ಬರುತ್ತದಲ್ಲ ಎಂದು ಹೇಸಿಕೊಂಡಳು.

ಜಿನಮತಿಯನ್ನು ಹೊರಗೆ ಕೂರಿಸಿ, ಬಾಗಿಲು ಮುಂದೆಮಾಡಿ, ಅವಳು ಬಿಸಿನೀರಿನ ಬಟ್ಟೆಯಿಂದ ಎದೆಗೆ ಶಾಖ ಕೊಟ್ಟು, ಮೆಲ್ಲಗೆ ಹಾಲು ಹಿಂಡಿದಳು. ಬಟ್ಟಲು ಅರ್ಧ ತುಂಬಿತು. ಮುಂದೆ ಹಾಲು ಬರದಂತೆ ಕಟ್ಟಲು ಹಳೆಯ ಧೋತರ ಹರಿದು ಪಟ್ಟಿ ಮಾಡಿ ತಂದಿದ್ದಳು. ಹಾಲು ಬರಲಿ ಎಂದು ಐವತ್ತು ವರ್ಷ ದುಡಿದವಳು ಬರಬಾರದು ಎಂದು ಕಟ್ಟಿದ್ದು ಬೆರಳೆಣಿಕೆಯಷ್ಟು ಸಲ.

ರೂಪಾಲಿ ಸುಮ್ಮನೆ ತೋಳೆತ್ತಿಕೊಟ್ಟಳು. ಪಟ್ಟಿ ಒಂದು ಸುತ್ತು ಬಂದಾಗ, ಎಲ್ಲರೂ ತನ್ನ ಮುಖ ನೋಡದೆ ಮಾತಾಡುತ್ತಾರೆ, ಒಳಗೆ ಏನೇನು ಉಳಿಸಿದ್ದಾರೆ ಹೇಳು ಎಂದು ಕೇಳಿದಳು.

ಅಕ್ಕುತಾಯಿ ಬಾಗಿಲ ಕಡೆ ನೋಡಿದಳು. "ಚೀಲ ತಗದಾರ ಮಗಳ," ಎಂದಳು. "ಇನ್ನ ಕೂಸ ಆಗಂಗಿಲ್ಲ. ಅವತ್ತ ಮುಂಜಾನೆ ಹೊಲದ ಹೊಟ್ಟಿ ನನಗ ಗೊತ್ತಿಲ್ಲ ಅಂತ ನಾ ಅನಬೇಕಿತ್ತು. ಅನಲಿಲ್ಲ. ದೊಡ್ಡಸ್ತನಕ್ಕ ಹೂಂ ಅಂದ್ನಿ."

ರೂಪಾಲಿ ಮುಖವನ್ನು ಮೇಲಿನ ಫ್ಯಾನಿನ ಕಡೆ ತಿರುಗಿಸಿದಳು. ಕಣ್ಣಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬಯ್ದಾಳು ಎಂದು ಅಕ್ಕುತಾಯಿ ಕಾದಳು. ಬಯ್ದರೆ ಬದುಕಿಕೊಂಡೇನು ಎನಿಸಿತ್ತು ಅವಳಿಗೆ.

"ಅತ್ತಿ ಕೈಮುಗದ್ರೂ ನಾ ಹಟಾ ಹಿಡದ ಎದ್ದ ಹೋಗತಿದ್ನಿ ಆಯಿ," ಎಂದಳು ರೂಪಾಲಿ. "ನಿನ್ನ ಮಾರಿ ನೋಡಿ ಸುಮ್ಮನ ಮಲಕೊಂಡ್ನಿ."

ಆಮೇಲೆ ಪಟ್ಟಿ ಸಡಿಲಾಗಿದೆ, ಬಿಗಿಯಾಗಿ ಕಟ್ಟು ಎಂದಳು. ಅಕ್ಕುತಾಯಿ ಬಿಚ್ಚಿ, ಮೊದಲಿನಿಂದ ಸುತ್ತಿ, ಬಿಗಿಯಾಗಿ ಕಟ್ಟಿದಳು.